ಯಾವ ಆಳದ ಚುಕ್ಕೆ

ತೆಲುಗು ನಾಡಿನ ಗಾಜುವಾಕದ ನಮ್ಮ ಲೋಹ ಪರೀಕ್ಷಾ ಕೇಂದ್ರದಲ್ಲಿರುವ ಧಾರವಾಡದ ಶ್ರೀಪಾದ ಕಟ್ಟಿಯವರಿಗೆ ಏನು ಕಂಡರೂ ಒಂದೇ ಪ್ರಶ್ನೆ: “ಇದು ಮ್ಯಾಲಿಂದೋ, ಒಳಗಿಂದೋ?” ಟೀ ಲೋಟದ ಗೀರಿಗೂ ಅದೇ, ಬದನೆಕಾಯಿಯ ತೂತಿಗೂ ಅದೇ; ಅವರು ಬಂದರೆ ತರಕಾರಿಯವಳು ಬುಟ್ಟಿಯ ಮೇಲೆ ಗೋಣಿ ಎಳೆಯುತ್ತಾಳೆ. ಅವರ ಕೆಲಸವೂ ಅದೇ. ಉಕ್ಕಿನ ಹರಳಿನಲ್ಲಿರುವ ದೋಷ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪು ಬಿಳುಪು ಚುಕ್ಕೆಯಾಗಿ ಕಾಣುತ್ತದೆ. ಅದು ಮೇಲ್ಮೈಗೆ ಹತ್ತಿರವಿದ್ದರೆ ಪರೀಕ್ಷೆಗೆ ಬಂದ ತುಣುಕನ್ನು ನಾವು ಉಜ್ಜುವಾಗ ಆದದ್ದು. ಆಳದಲ್ಲಿದ್ದರೆ ಉಕ್ಕೇ ಕೆಟ್ಟಿದೆ. ಒಂದೊಂದು ಆಳದಲ್ಲಿ ಆ ಚುಕ್ಕೆ ಹೇಗೆ ಕಂಡೀತೆಂದು ಕಟ್ಟಿಯವರು ಕಂಪ್ಯೂಟರಿನಲ್ಲಿ ಚಿತ್ರ ರಚಿಸಿ, ನಿಜವಾದ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಹತ್ತು ಸಾಕಾಗುವಲ್ಲಿ ನಾನೂರು ರಚಿಸುತ್ತಾರೆ. “ಕಟ್ಟಿಗಾರೂ, ಇವತ್ತಾದರೂ ರಿಪೋರ್ಟ್ ಕೊಡಿ” ಎಂದು ಮ್ಯಾನೇಜರ್ ಕೈಮುಗಿದರೆ, “ತಡೀರಿ, ಇನ್ನೊಂದು ಆಳ ನೋಡೂದದ” ಎನ್ನುತ್ತಾರೆ. ಕಾರಣ ತಿಳಿಯುವವರೆಗೆ ನಾವೆಲ್ಲ ನಗುತ್ತಿದ್ದೆವು. ಆರು ವರ್ಷದ ಹಿಂದೆ ಅಚ್ಯುತಾಪುರಂನ ಒಂದು ಕಾರ್ಖಾನೆಯಿಂದ ಉಗಿ ಕೊಳವೆಯ ತುಣುಕು ಬಂದಿತ್ತು. ಕಟ್ಟಿಯವರು ಮೂರೇ ಚಿತ್ರ ಹೋಲಿಸಿ, ದೋಷ ಮೇಲ್ಮೈಯದು, ಚಿಂತೆಯಿಲ್ಲ ಎಂದು ಬರೆದರು. ನಾಲ್ಕು ತಿಂಗಳಿಗೆ ಕೊಳವೆ ಸಿಡಿದು ಅಲ್ಲಿನ ಫಿಟ್ಟರ್ ರಾಮಮೋಹನ್ ಬೆಂದು ಸತ್ತ. ವಿಚಾರಣೆಯಲ್ಲಿ ಆ ವರದಿಯನ್ನು ಯಾರೂ ಕೇಳಲಿಲ್ಲ. ಕಟ್ಟಿಯವರೇ ಆ ಮೂರು ಚಿತ್ರಗಳನ್ನು ಹಿಡಿದು ಅವನ ಮನೆಗೆ ಹೋಗಿ, ಹೆಂಡತಿ ಕನಕದುರ್ಗಳ ಮುಂದೆ ಹರಕು ತೆಲುಗಿನಲ್ಲಿ ತಪ್ಪೊಪ್ಪಿಕೊಂಡರು. ಆಕೆ ಚಿತ್ರಗಳತ್ತ ನೋಡಲೇ ಇಲ್ಲ. “ಆವತ್ತು ನಿಮಗೇನು ಅವಸರವಿತ್ತು ಸಾರ್?” ಎಂದು ಕೇಳಿದಳು. ಕಟ್ಟಿಯವರು ಆ ದಿನವನ್ನು ನೆನಪಿಸಿಕೊಂಡರು. “ಏನೂ ಇರಲಿಲ್ಲಮ್ಮ” ಎಂದರು.