ಹಂಚಿನ ಕಾವು

ದಕ್ಷಿಣ ಧ್ರುವದ ಕಡೆಗೆ ವಿಜ್ಞಾನಿಗಳನ್ನು ಒಯ್ಯುವ ಹಡಗಿನ ಅಡುಗೆಮನೆಯಲ್ಲಿ ನಾನು ಕೆಲಸಕ್ಕಿದ್ದೆ. ಅದು ಸರ್ಕಾರಿ ನೌಕರಿ ಎಂದೇ ನಮ್ಮೂರು ಇಳಕಲ್ಲಿನಲ್ಲಿ ಎಲ್ಲರೂ ತಿಳಿದಿದ್ದರು. ಆದರೆ ಹಡಗು ಖಾಸಗಿ ಕಂಪನಿಯದು, ವಿಜ್ಞಾನಿಗಳು ಅದನ್ನು ಬಾಡಿಗೆ ಹಿಡಿದಿದ್ದರು. ಕೆಲಸದ ಆಳುಗಳಾದ ನಮ್ಮನ್ನು ಆ ಕಂಪನಿಗೆ ಒಬ್ಬ ಗುತ್ತಿಗೆದಾರ ಒದಗಿಸಿದ್ದ.

ಹಡಗು ಮಂಜುಗಡ್ಡೆಯ ಅಂಚಿಗೆ ನಿಂತಾಗ, ಸಾಮಾನು ಇಳಿಸಲು ಆಳು ಸಾಲದೆ ನನ್ನನ್ನೂ ಮೇಲೆ ಕರೆದರು. ಹಗ್ಗ ಎಳೆದು ಎಳೆದು ಕೈಗವಸು ತೊಯ್ದವು. ಬಲಗೈ ಬೆರಳು ಮೊದಲು ಉರಿದವು, ಆಮೇಲೆ ಏನೂ ಅನ್ನಿಸಲಿಲ್ಲ. ಕೆಳಗಿಳಿದು ನೋಡಿದರೆ ಮೇಣದಂತೆ ಬೆಳ್ಳಗಾಗಿದ್ದವು.

ನಮ್ಮ ಮನೆಯಲ್ಲಿ ಬೆನ್ನು ಹಿಡಿದರೂ ಹೊಟ್ಟೆ ನೊಂದರೂ ಅವ್ವ ಹಂಚಿನ ಮೇಲೆ ಅರಿವೆ ಕಾಯಿಸಿ ಕಾವು ಕೊಡುತ್ತಿದ್ದಳು. ನಾನೂ ಒಲೆಯ ಮೇಲೆ ಹಂಚು ಇಟ್ಟು ಬೆರಳು ಕಾಯಿಸತೊಡಗಿದೆ. ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ, ನಮ್ಮ ಕಡೆಯ ಕಮತಗಿ ಊರಿನ ಗೆಳೆಯ ಚಹಾಕ್ಕೆ ಬಂದ.

“ಏನಲೇ, ರೊಟ್ಟಿ ಬಡಿಯಾಕತ್ತೀಯೇನು?”

“ಬೆರಳು ಸತ್ತಂಗ ಆಗ್ಯಾವಲೇ. ಕಾವು ಹತ್ತವಲ್ದು.”

“ಒತ್ತಿ ಹಿಡಿ ಮತ್ತ.”

ಬೆರಳನ್ನು ಹಂಚಿಗೇ ಒತ್ತಿ ಹಿಡಿದೆ. ಚರ್ಮ ಸುಟ್ಟ ವಾಸನೆ ಮೊದಲು ಬಡಿದದ್ದು ಅವನಿಗೆ. ನನಗೆ ನೋವೇ ಇರಲಿಲ್ಲ.

ಉಗುರುಬೆಚ್ಚಗಿನ ನೀರಲ್ಲಿ ಇಡಬೇಕಿತ್ತು ಎಂದರು ಹಡಗಿನ ಡಾಕ್ಟರು. ವಿಮಾನದಲ್ಲಿ ಬೇಗ ಕಳಿಸಿದರೆ ಬೆರಳು ಉಳಿದಾವು ಎಂದೂ ಕ್ಯಾಪ್ಟನ್ನಿಗೆ ಹೇಳಿದರು. ಕ್ಯಾಪ್ಟನ್ ಕಂಪನಿಯನ್ನು ಕೇಳಿದ, ಕಂಪನಿ ಗುತ್ತಿಗೆದಾರನನ್ನು ಕೇಳಿತು. ಅವನು ಫೋನಿನಲ್ಲಿ ನನ್ನನ್ನೇ ಕೇಳಿದ, ಇದು ಚಳಿಯಿಂದ ಆದದ್ದೋ ಒಲೆಯಿಂದ ಆದದ್ದೋ ಎಂದು. ಎರಡರಿಂದಲೂ ಎಂದೆ. ಅವನು ಒಲೆಯನ್ನಷ್ಟೇ ಹಿಡಿದುಕೊಂಡ. ಅಡುಗೆಯವನು ಕೈ ಸುಟ್ಟುಕೊಂಡರೆ ವಿಮಾನ ಕಳಿಸಬೇಕೆಂದು ಕರಾರಿನಲ್ಲಿ ಇಲ್ಲವಂತೆ.

ಹಡಗು ತಿರುಗಿ ಬರುವಷ್ಟರಲ್ಲಿ ತೋರುಬೆರಳು, ನಡುಬೆರಳು ಕಪ್ಪಾಗಿದ್ದವು. ಬಾಗಲಕೋಟೆಯ ದವಾಖಾನೆಯಲ್ಲಿ ಎರಡನ್ನೂ ತೆಗೆದರು. ಗುತ್ತಿಗೆದಾರ ಮತ್ತೆ ಕರೆಯಲಿಲ್ಲ.

ಉಳಿದದ್ದು ಮನೆಯ ಮಗ್ಗ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸಿ ಹೊಸೆಯುವುದು ಹೆಬ್ಬೆರಳು, ತೋರುಬೆರಳಿನ ಕೆಲಸ. ಅಪ್ಪ ಒಂದು ಎಳೆ ಕೈಗೆ ಕೊಟ್ಟ. ಜಾರಿತು. ಮತ್ತೆ ಕೊಟ್ಟ.

“ಎಡಗೈಲೆ ನೋಡಪಾ.”

“ಬರವಲ್ದು ಯಪ್ಪಾ.”

ಅಪ್ಪ ಎಳೆ ತಿರುಗಿ ತೆಗೆದುಕೊಂಡು, ನನ್ನ ಕಡೆ ನೋಡದೆ ತಾನೇ ಹೊಸೆದ.

ಕೈ ಹಂಚಿನಲ್ಲಿ ಸುಟ್ಟದ್ದನ್ನು ಅವ್ವನಿಗೆ ನಾನು ಹೇಳಿರಲಿಲ್ಲ. ಬೆರಳು ಥಂಡಿಯಿಂದ ಹೋದವು ಎಂದಷ್ಟೇ ಅವಳಿಗೆ ಗೊತ್ತು. ಒಳಗಿಂದ ಕೂಗಿದಳು:

“ಕೈ ಜಗ್ಗತೈತೇನು? ಹಂಚು ಬಿಸಿ ಐತಿ, ಬಾ, ಒಂದೀಟು ಕಾವು ಕೊಡ್ತೇನಿ.”

“ಬ್ಯಾಡ ಯವ್ವಾ,” ಎಂದೆ.