ಕೆಳಗಿನ ಮೇಜಿನಿಂದ ಎದ್ದ ಎಂಟು ಸರ್ವರುಗಳು

ನಾನು ಕಂಪ್ಯೂಟರ್ ಸರ್ವರುಗಳ ಕೆಲಸ ಕಲಿತದ್ದು ಇಂಟರ್‌ಕಾಮ್ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು. ತೊಂಬತ್ತರ ದಶಕದ ಕೊನೆಯಲ್ಲಿ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದ್ದೆ. ಕಂಪ್ಯೂಟರ್ ರೂಮು ಉಗ್ರಾಣದ ಮೇಲೆ, ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಮೆಟ್ಟಿಲುಗಳು ಎತ್ತರವಾಗಿದ್ದವು, ಹಿಡಿದುಕೊಳ್ಳಲು ಒಂದೇ ಕಡೆ ಕಂಬಿ.

ಇಂಟರ್‌ಕಾಮಿನ ಇನ್ನೊಂದು ತುದಿಯಲ್ಲಿ, ನೆಲಮಹಡಿಯ ಟೈಂ ಆಫೀಸಿನಲ್ಲಿ, ನನಗಿಂತ ಏಳೆಂಟು ವರ್ಷ ಹಿರಿಯರಾದ ಒಬ್ಬರು ಕೂತಿರುತ್ತಿದ್ದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಅವರ ಎಡಗಾಲು ಸೋತಿತ್ತು. ಸೀರೆಯ ಕೆಳಗೆ ಕಾಲನ್ನು ನೆಟ್ಟಗೆ ಹಿಡಿಯುವ ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ಕಂಕುಳಲ್ಲಿ ಒಂದು ಊರುಗೋಲು. ಹಿಂದೆ ಎರಡು ಚಕ್ರ ಹೆಚ್ಚಿಗೆ ಕಟ್ಟಿಸಿದ ಸ್ಕೂಟರಿನಲ್ಲಿ ಸಿದ್ಧಾರ್ಥನಗರದಿಂದ ಅಷ್ಟು ದೂರ ದಿನವೂ ಬರುತ್ತಿದ್ದರು. ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಕಂಪ್ಯೂಟರ್ ವಿಭಾಗಕ್ಕೆಂದೇ ಸೇರಿದವರು. ಆದರೆ ಮೆಟ್ಟಿಲು ನೋಡಿದ ಆಡಳಿತದವರು, ‘ನಿಮಗೇ ತೊಂದರೆ’ ಎಂದು ಹೇಳಿ ಕಾರ್ಮಿಕರ ಹಾಜರಿ ತುಂಬಿಸುವ ಕೆಲಸಕ್ಕೆ ಕೆಳಗೇ ಕೂರಿಸಿಬಿಟ್ಟಿದ್ದರು. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬೇಕು. ಅದಾಗಿ ಆರು ವರ್ಷವಾಗಿತ್ತು.

ನಾನು ಸೇರಿದ ಎರಡನೇ ತಿಂಗಳಲ್ಲಿ ಒಂದು ಬೆಳಗ್ಗೆ ಉಗ್ರಾಣದ ಲೆಕ್ಕ ನಡೆಸುವ ಸರ್ವರ್, ಅಂದರೆ ಉಳಿದ ಕಂಪ್ಯೂಟರುಗಳೆಲ್ಲ ನೆಚ್ಚಿಕೊಂಡ ದೊಡ್ಡ ಯಂತ್ರ, ಏಳಲಿಲ್ಲ. ಆಗಿನ್ನೂ ಊರಿಗೆ ಹೊಸಬನಂತೆ ಎಲ್ಲದಕ್ಕೂ ಹೆದರುತ್ತಿದ್ದೆ. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ ನೋಡುತ್ತಾ ನಿಂತಿದ್ದಾಗ ಇಂಟರ್‌ಕಾಮ್ ಹೊಡೆದುಕೊಂಡಿತು.

“ನನ್ನ ಕಂಪ್ಯೂಟರಿಗೆ ಲೈನ್ ಸಿಗ್ತಿಲ್ಲ. ಮೇಲೆ ಏನಾಗಿದೆ?” ಎಂದರು ಮೇಡಂ.

“ಗೊತ್ತಾಗ್ತಿಲ್ಲ ಮೇಡಂ. ಏನೇನೋ ಬರ್ತಾ ಇದೆ.”

“ಏನೇನೋ ಅಂದ್ರೆ ಆಗಲ್ಲ ಕಣ್ರೀ. ಮೊದಲ್ನೇ ಸಾಲಿಂದ ಓದಿ. ಅಕ್ಷರ ನುಂಗ್ಬೇಡಿ.”

ಓದಿದೆ. ಎರಡು ಡಿಸ್ಕುಗಳಲ್ಲಿ ಒಂದು ಸತ್ತಿದೆ, ಇನ್ನೊಂದರಲ್ಲಿ ಎಲ್ಲವೂ ಕ್ಷೇಮವಾಗಿದೆ ಎಂದು ಅವರು ಅಲ್ಲಿಂದಲೇ ಹೇಳಿದರು. ಯಾವ ಕೀಲಿ ಒತ್ತಬೇಕು, ಯಾವುದನ್ನು ತಪ್ಪಿಯೂ ಒತ್ತಬಾರದು ಎಂದು ಒಂದೊಂದಾಗಿ ಹೇಳಿಕೊಟ್ಟರು. ಊಟದ ಹೊತ್ತಿಗೆ ಯಂತ್ರ ಎದ್ದಿತ್ತು. ಆ ಕೋಣೆಯನ್ನು ಅವರು ಒಂದು ಸಲವೂ ನೋಡಿರಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಹೊಸ ಯಂತ್ರ ಬಂದರೆ ಅದರ ಜೊತೆ ಬಂದ ದಪ್ಪ ಪುಸ್ತಕವನ್ನು ನಾನು ಕೆಳಗೆ ಕೊಂಡೊಯ್ಯುತ್ತಿದ್ದೆ. ಅವರು ಊಟದ ಬಿಡುವಿನಲ್ಲಿ ಓದುತ್ತಿದ್ದರು. ಆಮೇಲೆ ಅವರು ಹೇಳಿದ್ದನ್ನು ನಾನು ಮಾಡುತ್ತಿದ್ದೆ. ಹೊಗಳಿಕೆ ನನಗೆ ಬರುತ್ತಿತ್ತು. ಮೊದಲ ಸಲ ಮ್ಯಾನೇಜರ್ ಬೆನ್ನು ತಟ್ಟಿದಾಗ, “ಟೈಂ ಆಫೀಸ್ ಮೇಡಂ ಹೇಳ್ಕೊಟ್ರು ಸಾರ್” ಎಂದಿದ್ದೆ. ಅವರು ನಕ್ಕು, “ಹಾಜರಿ ತುಂಬ್ಸೋರಾ? ಸುಮ್ನೆ ಸಂಕೋಚ ಪಟ್ಕೋಬೇಡಿ” ಎಂದುಬಿಟ್ಟರು. ಎರಡನೇ ಸಲ ಹೊಗಳಿದಾಗ ನಾನು ಏನೂ ಹೇಳಲಿಲ್ಲ. ಮೂರನೇ ಸಲ ಹೇಳಬೇಕೆಂದು ಅನ್ನಿಸಲೂ ಇಲ್ಲ.

ಹೀಗೆ ನಾಲ್ಕೈದು ವರ್ಷ ಕಳೆಯಿತು. ಹಿನಕಲ್‌ನಲ್ಲಿ ಬಾಡಿಗೆ ಮನೆ ಮಾಡಿದೆ, ಮದುವೆಯಾಯಿತು. ವಿಭಾಗಕ್ಕೆ ಒಬ್ಬ ಇನ್‌ಚಾರ್ಜ್ ಬೇಕು, ಅದು ನನಗೇ ಎಂಬ ಮಾತು ಹರಿದಾಡತೊಡಗಿತು. ಅದೇ ಸಮಯಕ್ಕೆ ಹಳೆಯ ಯಂತ್ರಗಳನ್ನೆಲ್ಲ ಬದಲಿಸಲೆಂದು ಎಂಟು ಹೊಸ ಸರ್ವರ್ ತರಿಸಿದರು. ತೆಳ್ಳಗೆ, ಚಪ್ಪಟೆಯಾಗಿ, ಒಂದರ ಮೇಲೊಂದು ಗೂಡಿನಲ್ಲಿ ಜೋಡಿಸುವಂಥವು. ಪುಸ್ತಕ ಎಂದಿನಂತೆ ಕೆಳಗೆ ಹೋಯಿತು. ಎರಡು ದಿನದ ಮೇಲೆ ಮೇಡಂ ಕರೆದರು. ಅವರ ಮುಖದಲ್ಲಿ ಅಂಥ ಲವಲವಿಕೆ ನಾನು ಕಂಡಿರಲಿಲ್ಲ.

“ಇಲ್ನೋಡಿ. ಯಂತ್ರದ ಹಿಂದ್ಗಡೆ ಮಾಮೂಲಿ ನೆಟ್‌ವರ್ಕ್ ಕಿಂಡಿ ಅಲ್ದೆ ಇನ್ನೊಂದು ಸಣ್ಣದಿದೆ. ಅದರೊಳಗೆ ಬೇರೇನೇ ಒಂದು ಪುಟ್ಟ ಕಂಪ್ಯೂಟರ್ ಇದ್ದಂಗೆ. ಸರ್ವರ್ ಆರಿಸಿದ್ರೂ ಅದು ಎಚ್ಚರವಾಗಿರುತ್ತೆ. ಅದಕ್ಕೊಂದು ಕೇಬಲ್ ಹಾಕಿದ್ರೆ ನಾನು ಇಲ್ಲೇ ಕೂತು ಯಂತ್ರ ಎಬ್ಬಿಸ್ಬಹುದು, ಅದರ ತೆರೆ ನೋಡ್ಬಹುದು, ಡಿಸ್ಕ್ ಜೋಡಿಸ್ಬಹುದು, ಆಪರೇಟಿಂಗ್ ಸಿಸ್ಟಂ ಕೂಡ ಇಲ್ಲಿಂದ್ಲೇ ತುಂಬಿಸ್ಬಹುದು. ಎಂಟಕ್ಕೂ ಒಂದೊಂದು ಕೇಬಲ್ ಹಾಕ್ಕೊಡ್ತೀರಾ?”

“ಆಯ್ತು ಮೇಡಂ, ನಾಳೆ ಹಾಕ್ತೀನಿ” ಎಂದೆ.

ಹಾಕಲಿಲ್ಲ. ಮೆಟ್ಟಿಲು ಹತ್ತುವಾಗಲೇ ಲೆಕ್ಕಾಚಾರ ಶುರುವಾಗಿತ್ತು. ಅವರು ಅಲ್ಲಿ ಕೂತೇ ಎಲ್ಲ ಮಾಡುವುದಾದರೆ ಮೇಲೆ ನಾನು ಯಾತಕ್ಕೆ? ಮೊದಲ ವಾರ ಕೇಬಲ್ ಬಂದಿಲ್ಲ ಎಂದೆ. ಎರಡನೇ ವಾರ, ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚಿನಲ್ಲಿ ಜಾಗ ಇಲ್ಲ ಎಂದೆ. ಅವರು ಪ್ರತಿ ಸಲವೂ “ಆಗ್ಲಿ” ಎಂದಷ್ಟೇ ಹೇಳಿದರು. ನಾನು ಸಿ.ಡಿ. ಹಿಡಿದು ಮೊದಲ ಸರ್ವರಿಗೆ ಕೈಯಾರೆ ಆಪರೇಟಿಂಗ್ ಸಿಸ್ಟಂ ತುಂಬಿಸಲು ಹೋಗಿ ಎರಡು ಸಲ ಕೆಡಿಸಿದೆ. ಆ ಎರಡು ಸಲವೂ ಇಂಟರ್‌ಕಾಮ್ ಎತ್ತಲು ಮುಖವಿರಲಿಲ್ಲ.

ಮೂರನೇ ವಾರದ ಒಂದು ಬೆಳಗ್ಗೆ ಕಾಫಿಗೆಂದು ಕೆಳಗಿಳಿಯುತ್ತಿದ್ದೆ. ಮೊದಲ ಮಹಡಿಯ ತಿರುವಿನಲ್ಲಿ ಮೇಡಂ ಮೆಟ್ಟಿಲ ಮೇಲೆ ಕೂತಿದ್ದರು. ಊರುಗೋಲು ಪಕ್ಕದಲ್ಲಿ ಮಲಗಿತ್ತು. ಹಣೆಯ ಬೆವರು ಕುಂಕುಮವನ್ನು ಮೂಗಿನ ತನಕ ಇಳಿಸಿತ್ತು. ಹೆಗಲಿಗೆ ಅಡ್ಡಲಾಗಿ ಒಂದು ಬಟ್ಟೆಯ ಚೀಲ.

“ಏನ್ ಮೇಡಂ ಇದು? ಒಂದು ಮಾತು ಹೇಳಿದ್ರೆ ನಾನೇ ಬರ್ತಿದ್ದೆ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡು, “ಕೇಬಲ್ ಇಲ್ಲ ಅಂದಿದ್ರಲ್ಲ. ಉಗ್ರಾಣದಲ್ಲಿ ಕೇಳಿ ಇಸ್ಕೊಂಡೆ” ಎಂದು ಚೀಲ ಬಿಚ್ಚಿದರು. ಎಂಟು ಕೇಬಲ್ಲು, ಒಂದೊಂದಕ್ಕೂ ಸಂಖ್ಯೆ ಬರೆದ ಚೀಟಿ ಅಂಟಿಸಿದ್ದರು.

ಎರಡು ಮೆಟ್ಟಿಲು ಕೆಳಗೆ ಕೂತೆ. ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸುವ ಶಕ್ತಿ ಇರಲಿಲ್ಲ.

“ಕೇಬಲ್ ಇತ್ತು ಮೇಡಂ. ಸ್ವಿಚ್ಚಲ್ಲಿ ಜಾಗನೂ ಇತ್ತು. ನಾನೇ ಹಾಕ್ಲಿಲ್ಲ.”

“ಗೊತ್ತು” ಎಂದರು. “ಸ್ವಿಚ್ಚಲ್ಲಿ ಎಷ್ಟು ಕಿಂಡಿ ಖಾಲಿ ಅಂತ ನನ್ನ ಮೇಜಿನ ಕಂಪ್ಯೂಟರಲ್ಲೇ ಕಾಣ್ಸುತ್ತೆ ಕಣ್ರೀ.”

“ಮತ್ತೆ ನನ್ನ ಕೇಳ್ಬಹುದಿತ್ತಲ್ಲ.”

“ಕೇಳಿ ಏನ್ಮಾಡ್ಲಿ? ಇಷ್ಟು ವರ್ಷ ನಾನ್ ಹೇಳಿದ್ದನ್ನ ನಂಬಿ ಕೀಲಿ ಒತ್ತಿದ್ದು ನೀವೊಬ್ರೇ. ನಿಮ್ಮ ಹತ್ರ ಜಗಳ ಆಡಿ ನಾನ್ ಯಾರ ಹತ್ರ ಮಾತಾಡ್ಲಿ?” ಅಷ್ಟು ಹೇಳಿ ಊರುಗೋಲನ್ನು ನನ್ನ ಕೈಗಿತ್ತರು. “ಏಳಿ. ಇನ್ನೊಂದು ಮಹಡಿ ಇದೆ.”

ಉಳಿದ ಮೆಟ್ಟಿಲುಗಳನ್ನು ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು ಹತ್ತಿದರು. ಊರುಗೋಲು ನನ್ನ ಕೈಯಲ್ಲಿತ್ತು. ರೂಮಿನೊಳಗೆ ಬಂದವರು ಏ.ಸಿ.ಯ ತಣ್ಣನೆ ಗಾಳಿಗೆ ಸೆರಗು ಹೊದ್ದು ಸುತ್ತಲೂ ನೋಡಿದರು. “ಇಷ್ಟು ಚಿಕ್ಕ ರೂಮಾ? ನಾನು ದೊಡ್ಡದಿರುತ್ತೆ ಅಂದ್ಕೊಂಡಿದ್ದೆ.” ಸ್ಟೂಲು ಹಾಕಿಕೊಟ್ಟೆ. ಗೂಡಿನ ಹಿಂದೆ ಕೂತು ಕೇಬಲ್ಲುಗಳನ್ನು ತಾವೇ ಸಿಕ್ಕಿಸಿದರು. ಎತ್ತರದಲ್ಲಿದ್ದ ಎರಡಕ್ಕೆ ಮಾತ್ರ ನನ್ನ ಕೈ ಬೇಕಾಯಿತು.

ಮುಂದಿನ ಶನಿವಾರ ಕೆಲಸ ಶುರುವಾಯಿತು. ನಾನು ಮೇಲೆ ಇಂಟರ್‌ಕಾಮ್ ಹಿಡಿದು ನಿಂತಿದ್ದೆ. ಎಂಟೂ ಯಂತ್ರಗಳು ಆರಿದ್ದವು. ಇದ್ದಕ್ಕಿದ್ದಂತೆ ಮೊದಲನೆಯದರ ಫ್ಯಾನುಗಳು ಜೋರಾಗಿ ತಿರುಗತೊಡಗಿದವು. ಹತ್ತಿರದಲ್ಲಿ ಯಾರೂ ಇರಲಿಲ್ಲ.

“ಎದ್ದಿತಾ?” ಎಂದರು.

“ಎದ್ದಿತು ಮೇಡಂ.”

“ನನಗೂ ಕಾಣ್ತಿದೆ. ಆದ್ರೂ ನಿಮ್ಮ ಬಾಯಲ್ಲಿ ಕೇಳೋಣ ಅನ್ನಿಸ್ತು.”

ಮೊದಲ ಯಂತ್ರದ ಒಳಗಿನ ಜೋಡಣೆಯನ್ನೆಲ್ಲ ಅವರು ಒಂದು ಗಂಟೆ ಕೂತು ಹೊಂದಿಸಿದರು. ಆಮೇಲೆ ಅದೇ ಜೋಡಣೆಯನ್ನು ಉಳಿದ ಏಳಕ್ಕೂ ಕಳಿಸಿದರು. ಅವು ಒಂದೊಂದಾಗಿ ಎದ್ದು, ಕೆಳಗಿದ್ದ ಅವರ ಕಂಪ್ಯೂಟರಿನಿಂದಲೇ ಆಪರೇಟಿಂಗ್ ಸಿಸ್ಟಂ ಎಳೆದುಕೊಳ್ಳತೊಡಗಿದವು. ಆರನೆಯದು ಮಾತ್ರ ಎದ್ದ ಹಾಗೆ ಮಾಡಿ ಮತ್ತೆ ಮಲಗಿತು. ನಾನು ಎಂದಿನಂತೆ ತೆರೆ ಓದಲು ಹೋದೆ.

“ಓದ್ಬೇಡಿ, ನನ್ನ ಹತ್ರ ಬಂದಿದೆ. ಮೂರನೇ ಮೆಮೊರಿ ಪಟ್ಟಿ ಸರಿಯಾಗಿ ಕೂತಿಲ್ಲ. ಪವರ್ ವೈರ್ ಕಿತ್ತು, ಮುಚ್ಚಳ ತೆಗ್ದು, ಅದನ್ನ ಮತ್ತೆ ಒತ್ತಿ ಕೂರ್ಸಿ. ಅದೊಂದು ಮಾತ್ರ ನನ್ನ ಕೈಲಾಗಲ್ಲ.”

ಕೂರಿಸಿದೆ. ಎದ್ದಿತು.

ಆಗಲೇ ಮ್ಯಾನೇಜರ್ ಬಂದರು. ಕೀಲಿಮಣೆಯ ಮುಂದೆ ಯಾರೂ ಇಲ್ಲ, ತೆರೆಯ ಮೇಲೆ ಸಾಲುಗಳು ತಾವಾಗಿಯೇ ಓಡುತ್ತಿವೆ. “ಯಾರ್ರೀ ಮಾಡ್ತಿರೋದು ಇದನ್ನ?” ಎಂದರು.

“ಟೈಂ ಆಫೀಸ್ ಮೇಡಂ ಸಾರ್. ಇದೊಂದೇ ಅಲ್ಲ, ಇಷ್ಟು ವರ್ಷ ಮಾಡಿದ್ದೂ ಅವರೇ. ನಾನು ಕೀಲಿ ಒತ್ತಿದ್ದೆ, ಅಷ್ಟೇ.”

ಈ ಸಲ ಅವರು ನಗಲಿಲ್ಲ. ಕೆಳಗಿಳಿದು ಹೋಗಿ ಮೇಡಂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರಂತೆ. ಎಂಟನೆಯ ಯಂತ್ರ ಮುಗಿಯುವ ತನಕ ಏಳಲಿಲ್ಲವಂತೆ.

ಅಲ್ಲಿಗೆ ಎಲ್ಲ ಸಲೀಸಾಯಿತು ಎಂದೇನಲ್ಲ. ಇನ್‌ಚಾರ್ಜ್ ಆದವರು ಕಂಪ್ಯೂಟರ್ ರೂಮಿನಲ್ಲೇ ಇರಬೇಕು, ಟೈಂ ಆಫೀಸಿನಲ್ಲಿ ಕೂತರೆ ಹೇಗೆ ಎಂದು ಆಡಳಿತದವರು ತಿಂಗಳುಗಟ್ಟಲೆ ತಕರಾರು ಮಾಡಿದರು. ಮೇಡಂ ಅವರನ್ನೇ ಇನ್‌ಚಾರ್ಜ್ ಮಾಡಬೇಕೆಂದು ಮ್ಯಾನೇಜರ್ ಮೂರು ಸಲ ಬರೆದರು. ಕೊನೆಗೆ ಆದೇಶ ಬಂತು.

ಅಂದು ಸಂಜೆ ಶಿಫ್ಟ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮನೆಯಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಾ ಬಂದೆ. ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು. ಹುದ್ದೆ ಮೇಡಂಗೆ ಹೋಯಿತು ಎಂದೆ. ಅವಳು ಕೈ ನಿಲ್ಲಿಸದೆ, “ದಿನಾ ಫೋನಲ್ಲಿ ಪಾಠ ಹೇಳ್ತಿದ್ರಲ್ಲ, ಅವ್ರಿಗೇ ತಾನೆ? ಒಳ್ಳೇದಾಯ್ತು ಬುಡಿ” ಎಂದಳು. ಬೇಸರವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅವರ ಕೈಕೆಳಗೆ ಏಳು ವರ್ಷ ಕೆಲಸ ಮಾಡಿದೆ. ಇನ್‌ಚಾರ್ಜ್ ಆದ ಮೊದಲ ವಾರವೇ ನನ್ನನ್ನು ಕೆಳಗೆ ಕರೆಸಿ ತಮ್ಮ ಕುರ್ಚಿಯಲ್ಲಿ ಕೂರಿಸಿದರು. “ಇನ್ಮೇಲೆ ನಾನು ಹೇಳಿದ್ದನ್ನ ಒತ್ತೋದಲ್ಲ. ಯಾಕೆ ಒತ್ತಬೇಕು ಅಂತ ಕಲೀರಿ” ಎಂದರು. ಆಮೇಲೆ, ಇನ್ನೂ ಕೆಲಸಕ್ಕೆ ಹಚ್ಚದೆ ಇಟ್ಟಿದ್ದ ಎಂಟನೇ ಯಂತ್ರವನ್ನು ಪೂರ್ತಿ ಅಳಿಸಿ ಮೊದಲಿಂದ ಕಟ್ಟಲು ಹೇಳಿ, ತಾವು ಊಟದ ಡಬ್ಬಿ ಬಿಚ್ಚಿದರು.