ಅಕ್ಕೋರ ಸೆರಗು

ಅಕ್ಕೋರ ಹೊಟ್ಟೆಯ ಮೇಲೆ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ, ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಇತ್ತು. ಬೆರಳಗಲದ ಚರ್ಮ ಜಡ್ಡುಗಟ್ಟಿ ಹಳೆಯ ಚಪ್ಪಲಿಯ ಅಟ್ಟೆಯಂತಾಗಿತ್ತು. ಕುಣಿಮಗ್ಗದಲ್ಲಿ ಹಲಗೆ ತುಳಿಯಲು ಕಾಲು ಇಳಿಬಿಟ್ಟು ಕೂತವರು, ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರಕ್ಕೆ ಹೊಟ್ಟೆ ಆನಿಸಿಯೇ ಬಗ್ಗಬೇಕು. ಜನ್ಮವೆಲ್ಲ ಹಾಗೆ ಬಗ್ಗಿದವರ ಗುರುತು ಅದು. ನಾನು ಅದನ್ನು ನೋಡಿದ್ದು ಅವರಿಗೆ ಲಕ್ವಾ ಹೊಡೆದ ಮೇಲೆ, ಅವರ ಮಗಳೂ ನಾನೂ ಕೂಡಿ ಅವರಿಗೆ ಮೈ ತೊಳೆಯುವಾಗ. ಆ ಪಟ್ಟಿಯ ಮೇಲೆ ಸೋಪು ಹಚ್ಚುತ್ತ ನನಗೆ ದೇವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದುಡಿದ ಮೈಯಲ್ಲಿ ಕಸಿದುಕೊಳ್ಳಲು ಅವನಿಗೆ ಬಲಗೈಯೇ ಬೇಕಾಗಿತ್ತೇ? ಕೈ ಸಾಲದೆಂದು ಮಾತನ್ನೂ ತೆಗೆದುಕೊಂಡು ಹೋಗಿದ್ದ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಇವರು ಕಲಿಸುತ್ತಿದ್ದದ್ದು ಮಗ್ಗ, ಅದೂ ತಮ್ಮ ಮನೆಯ ನಡುಕೋಣೆಯಲ್ಲಿ. ಕುಷ್ಟಗಿಯಿಂದ ಬಸ್ಸಿಗೆ ಅರ್ಧ ತಾಸಿನ ದಾರಿಯಲ್ಲಿರುವ ನಮ್ಮೂರಲ್ಲಿ ಒಂದು ಕಾಲಕ್ಕೆ ಓಣಿಗೆ ಹತ್ತು ಮಗ್ಗ ಸದ್ದು ಮಾಡುತ್ತಿದ್ದವಂತೆ. ನಾನು ಯಲಬುರ್ಗಾದ ಗಂಡನ ಮನೆಯ ಋಣ ಹರಿದುಕೊಂಡು ತವರಿಗೆ ಬಂದಾಗ ಉಳಿದದ್ದು ಅವರದೊಂದೇ. ಮನೆಯಲ್ಲಿ ನಾನು ಕಂಡವರ ಮೇಲೆಲ್ಲ ಹರಿಹಾಯುತ್ತಿದ್ದೆ. ನಮ್ಮ ಅಮ್ಮಿ ಬೇಸತ್ತು ನನ್ನ ರಟ್ಟೆ ಹಿಡಿದು ಅಲ್ಲಿಗೆ ಕರೆದೊಯ್ದಳು. "ಇಕಿನ್ನ ಯಾವುದಾರ ಕೆಲಸಕ್ಕ ಹಚ್ಚರಿ. ಮನ್ಯಾಗ ಇದ್ರ ನಮ್ಮನ್ನ ತಿಂದು ತೇಗತಾಳ" ಅಂದಳು. ಅಕ್ಕೋರು ನನ್ನ ಮುಖ ನೋಡದೆ ಕೈ ನೋಡಿದರು. "ಬೆರಳು ಛಲೋ ಅದಾವ. ಮೂಗಿನ ತುದಿಗೆ ಸಿಟ್ಟು ಐತಿ, ಅದನ್ನ ಹೊರಗ ಚಪ್ಪಲಿ ಕೂಡ ಬಿಟ್ಟು ಬರ್ತೀಯೇನು?" ಎಂದು ಕೇಳಿದರು. ನಾನು ಆಗಲೂ ಎದುರು ಮಾತಾಡಿದೆ. ಅಂದಿನಿಂದ ನನ್ನ ಹೆಸರು ಮೆಣಸಿನಕಾಯಿ ಆಯಿತು.

ಹೊಸದಾಗಿ ಕಲಿಯಲು ಬಂದವರ ಕೈಗೆ ಅವರು ಲಾಳಿ ಕೊಡುತ್ತಿರಲಿಲ್ಲ. ಮೊದಲು ಹರಿದ ಎಳೆಗಳನ್ನು ಗಂಟು ಹಾಕುವುದು. ಗಂಟು ಕಣ್ಣಿಗೂ ಕಾಣಬಾರದು, ಬೆರಳಿಗೂ ಸಿಗಬಾರದು. ಅದು ಬಂದ ಮೇಲೆ ನೇಯಲು ಕೂಡಿಸುವರು. ಗೇಣುದ್ದ ನೇಯ್ದ ಮೇಲೆ ಬಂದು, ಬಗ್ಗಿ, ಕಣ್ಣು ಮುಚ್ಚಿ, ಬಟ್ಟೆಗೆ ತಮ್ಮ ಕೆನ್ನೆ ಒತ್ತುವರು. ಕೆನ್ನೆ ಎತ್ತಿದ ಮೇಲೆ ಬರುವ ಮಾತು ಒಂದೇ: "ಬಿಚ್ಚು." ಕೂತು ನೇಯ್ದದ್ದನ್ನೆಲ್ಲ ಎಳೆ ಎಳೆಯಾಗಿ ಬಿಚ್ಚಿ ಮತ್ತೆ ಸುತ್ತಬೇಕು. ನನ್ನ ಜೊತೆ ಬಂದ ಹುಡುಗಿಯರು ಒಬ್ಬೊಬ್ಬರೇ ಗಾರ್ಮೆಂಟು, ಟೇಲರಿಂಗು ಅಂತ ಹೊರಟುಹೋದರು. ನನಗೆ ಹೋಗಲು ಬೇರೆ ಜಾಗವಿರಲಿಲ್ಲ. "ನಿನ್ನ ಕೈ ಏರಿಗೆ ಎಳೀತಾವ, ಕಾಲು ನೀರಿಗೆ ಎಳೀತಾವ" ಎಂದು ಅವರು ಆಡಿಕೊಳ್ಳುವರು. ಎಳೆಗಳನ್ನು ಒತ್ತಿ ಕೂಡಿಸುವ ಹಣಿಗೆಯನ್ನು ನಾನು ಜೋರಾಗಿ ಬಡಿದ ದಿನವಂತೂ, ಒಲೆಯ ಮುಂದಿನಿಂದಲೇ ಕೂಗುವರು: "ನೂಲಿಗೆ ಕಿವಿ ಅದಾವ ಮೆಣಸಿನಕಾಯಿ. ನೀ ಮನಸಿನ್ಯಾಗ ಯಾರ್‍ನ ಬೈದ್ರೂ ಅದಕ್ಕ ಕೇಳತೈತಿ."

ಒಂದು ವಿಷಯದಲ್ಲಿ ಅವರು ಯಾರ ಮಾತೂ ಕೇಳುತ್ತಿರಲಿಲ್ಲ. ಸೀರೆಯ ಮೈಯನ್ನು ಇಬ್ಬರು ಮೂವರು ಸರದಿಯ ಮೇಲೆ ನೇಯ್ದರೆ ನಡೆಯುತ್ತಿತ್ತು. ಸೆರಗಿಗೆ ಮಾತ್ರ ಒಂದೇ ಕೈ ಆಗಬೇಕು. "ಎರಡು ಕೈ ಬಿದ್ರ ಅದು ಜೋಡಿಸಿದ್ದು ಆಗತೈತಿ, ನೇಯ್ದದ್ದು ಆಗೂದಿಲ್ಲ" ಎನ್ನುವರು. ಅದಕ್ಕಾಗಿಯೇ ಅವರು ಸೆರಗನ್ನು ಕೊನೆಗೆ ಉಳಿಸಿಕೊಂಡು, ಅದರ ಕೆಲಸ ನಡೆದಷ್ಟು ದಿನ ನಮ್ಮನ್ನು ಮಗ್ಗದ ಹತ್ತಿರ ಸುಳಿಯಗೊಡುತ್ತಿರಲಿಲ್ಲ.

ಜನ್ಮವೆಲ್ಲ ಅವರು ನೇಯ್ದದ್ದು ವ್ಯಾಪಾರಿ ಹೇಳಿದ ಸೆರಗು. ತಮ್ಮದೇ ಒಂದನ್ನು ನೇಯಬೇಕೆಂಬ ಹಂಬಲ ಹುಟ್ಟಿದ್ದು ಗಂಗಾವತಿಯಲ್ಲಿ, ಮಗಳ ಮನೆಗೆ ಹೋದಾಗ. ಮಗಳ ಓಣಿಯ ಬದಿಗೇ ಅಕ್ಕಿ ಗಿರಣಿ. ಅಂಗಳದ ತುಂಬ ಕುದಿಸಿದ ಭತ್ತ ಹರವಿದ್ದರು. ಹೆಂಗಸರು ಸೀರೆ ಎತ್ತಿ ಕಟ್ಟಿ, ಅದರೊಳಗೆ ಪಾದ ಎಳೆಯುತ್ತ ಸಾಲಾಗಿ ನಡೆಯುತ್ತಿದ್ದರು. ಕಾಲು ಹೋದ ಕಡೆ ಬಂಗಾರದ ಬಣ್ಣದ ಏರಿ, ನಡುವೆ ಕಪ್ಪು ನೆಲ. ಅಕ್ಕೋರು ಗೇಟಿನ ಬಳಿ ಮಧ್ಯಾಹ್ನದ ಊಟ ಬಿಟ್ಟು ನಿಂತಿದ್ದರಂತೆ. ಊರಿಗೆ ಬಂದು ಚೀಲ ಇಳಿಸುವ ಮೊದಲೇ ನನಗೆ ಹೇಳಿದರು: "ಕಾಲಿಲೆ ಬರೀತಾರವಾ ಅವ್ರು. ನಾವೂ ಕಾಲಿಲೆ ಬರಿಯೂ ಮಂದಿ. ಅದನ್ನ ಸೆರಗಿನ್ಯಾಗ ತರಬೇಕು ನೋಡು." ವ್ಯಾಪಾರಿ ನಕ್ಕು, ಇಂಥ ಡೊಂಕು ಗೆರೆಯ ಸೆರಗನ್ನು ಯಾರು ಉಡುತ್ತಾರೆ ಅಂದ. ಇವರು ಅವನ ಕಡೆ ಬೆನ್ನು ಮಾಡಿ, ಸ್ವಂತ ನೂಲು ತಂದು ಮಗ್ಗಕ್ಕೆ ಉದ್ದೆಳೆಗಳ ಹಾಸು ಏರಿಸಿದರು. ಮಗ್ಗದಲ್ಲಿ ನೇರ ಗೆರೆ ಸಲೀಸು, ಬಾಗಿದ್ದು ಬಲು ಕಷ್ಟ. ಮಗ್ಗದ ಪಕ್ಕದ ನೆಲದ ಪರಸಿಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಸೆರಗನ್ನು ಪೂರ್ತಿ ಬರೆದುಕೊಂಡರು. ಅಳಿಸಿದರು, ಬರೆದರು, ಆ ಜಾಗ ದಾಟುವಾಗ ನಾವು ಗೋಡೆ ಹಿಡಿದು ನಡೆಯಬೇಕಾಗಿತ್ತು. ಆ ದಿನಗಳಲ್ಲಿ ಅವರು ಊಟಕ್ಕೆ ಕರೆದರೂ ಓಗೊಡುತ್ತಿರಲಿಲ್ಲ.

ಸೀರೆಯ ಮೈ ಮುಗಿದು, ಸೆರಗು ಒಂದು ಗೇಣು ಎದ್ದಿತ್ತು. ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವರು ಮಗ್ಗದ ಮೇಲೇ ವಾಲಿಬಿದ್ದಿದ್ದರು. ವಾಂತಿಯಾಗಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಜೀಪು ಮಾಡಿಕೊಂಡು ಕೊಪ್ಪಳದ ದವಾಖಾನೆಗೆ ಓಡಿದೆವು. ಇತ್ತ ಓಣಿಯ ಹೆಂಗಸರು ಪಾಪ, ಹೊಲಸಾದ ಮನೆಯನ್ನು ಹಾಗೇ ಬಿಡಬಾರದೆಂದು ಕೊಡಗಟ್ಟಲೆ ನೀರು ಹೊಯ್ದು ನೆಲ ತಿಕ್ಕಿ ತೊಳೆದಿದ್ದರು. ನಾನು ಮರಳಿ ಬಂದು ನೋಡಿದರೆ ಪರಸಿಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. ಅವರಿಗೆ ಬೈಯಲು ಬಾಯಿ ತೆರೆದೆ, ಅಳು ಬಂತು. ಉಪಕಾರ ಮಾಡಿದವರಿಗೆ ಏನೆಂದು ಬೈಯುವುದು?

ಅಕ್ಕೋರು ಮನೆಗೆ ಬಂದಾಗ ಬಲಗೈ, ಬಲಗಾಲು, ಮಾತು ಮೂರೂ ಇರಲಿಲ್ಲ. ತಿಳಿಯುವುದು ಮಾತ್ರ ಎಲ್ಲ ತಿಳಿಯುತ್ತಿತ್ತು. ಗಂಗಾವತಿಯಿಂದ ಬಂದ ಮಗಳು ಮಗ್ಗ ಕಿತ್ತು, ಮನೆಗೆ ಬೀಗ ಹಾಕಿ, ತಾಯಿಯನ್ನು ಕರೆದೊಯ್ಯುವವಳಿದ್ದಳು. ಅಕ್ಕೋರು ಎಡಗೈಯಿಂದ ಮಗ್ಗದ ಕಂಬ ಹಿಡಿದವರು ಬಿಡಲಿಲ್ಲ. "ಆತವ್ವಾ, ಸೆರಗು ಮುಗಿಯೂತನಕ ಇರ್ತೀನಿ. ಆಮ್ಯಾಲ ಒಂದು ದಿನಾನೂ ಇಲ್ಲ. ನನ್ನ ಮಕ್ಕಳು ಅಲ್ಲಿ ಅದಾವ" ಎಂದು ಮಗಳು ಕಣ್ಣೊರೆಸಿಕೊಂಡಳು. ಆಮೇಲೆ ತಾಯಿ ಮಗಳು ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಓಡಿಹೋಗಬೇಕೆನಿಸಿತು.

ಅಕ್ಕೋರು ಮಲಗಿದ್ದ ಹೊರಸನ್ನು ಮಗ್ಗದ ಪಕ್ಕಕ್ಕೆ ಎಳೆದುಕೊಂಡೆವು. ಅವರು ನೇಯ್ದ ಗೇಣನ್ನು ನೋಡಿ ನೋಡಿ, ಅದರಂತೆಯೇ ಮುಂದಿನದನ್ನು ನೇಯಲು ಕೂತೆ. ಎರಡು ಬೆರಳು ಏರಿದೊಡನೆ ಅವರ ಎಡಗೈ ಬರುತ್ತಿತ್ತು. ಬಟ್ಟೆ ಸವರಿ, ಬೆರಳಿನಿಂದ ಬಿಡಿಸುವ ಸನ್ನೆ ಮಾಡುತ್ತಿತ್ತು. ಬಿಚ್ಚು. ಮರುದಿನ ಮತ್ತೆ ಅದೇ. ಏನು ತಪ್ಪಿದೆ ಎಂದು ಕೇಳಿದರೆ ಗಂಟಲಲ್ಲಿ ಏನೋ ಗೊರಗುಟ್ಟುವುದು, ಕಣ್ಣಲ್ಲಿ ನೀರು. ಎಡಗೈಯಲ್ಲಿ ಸೀಮೆಸುಣ್ಣ ಹಿಡಿಸಿ ನೋಡಿದೆ; ಗೆರೆ ಹುಳದಂತೆ ಹರಿದು ಹೋಯಿತು. ಅವರು ಅದನ್ನು ಗೋಡೆಗೆ ಎಸೆದರು. ಬಾಯಿಲ್ಲದ ಅವರಿಗಿಂತ ಹೆಚ್ಚಿಗೆ ನಾನೇ ಕಂಗೆಟ್ಟಿದ್ದೆ.

ಕೊನೆಗೆ ಯಾರಿಗೂ ಕೇಳದೆ ತಾವರಗೇರಾ ಮೇಲೆ ಹೋಗುವ ಬಸ್ಸು ಹತ್ತಿ ಗಂಗಾವತಿಗೆ ಹೋದೆ. ಗಿರಣಿಯ ಹೆಂಗಸರಿಗೆ ಎಲ್ಲ ಹೇಳಿದೆ. ಒಬ್ಬಾಕೆ, "ನೋಡಿದ್ರ ಏನ್ ತಿಳೀತೈತಿ? ಚಪ್ಪಲ್ ಬಿಟ್ಟು ಬಾ" ಅಂದಳು. ಭತ್ತ ಕಾದಿತ್ತು. ನಾಲ್ಕು ಸಾಲು ನಡೆದ ಮೇಲೆ ತಿಳಿಯಿತು: ಗೆರೆಯನ್ನು ನಾವು ಮಾಡುವುದಿಲ್ಲ, ಪಾದ ಎಳೆದರೆ ಕಾಳು ತಾನೇ ಬದಿಗೆ ಸರಿದು ಏರಿಯಾಗುತ್ತದೆ. ಬಲವಂತವಾಗಿ ಒತ್ತಿದರೆ ಕುಸಿಯುತ್ತದೆ. ಇಷ್ಟು ದಿನ ನಾನು ಅಕ್ಕೋರ ಗೆರೆಯನ್ನು ನೋಡಿ ಬರೆಯುತ್ತಿದ್ದೆ. ನನ್ನ ಕಾಲು ನಡೆದೇ ಇರಲಿಲ್ಲ.

ಮರುದಿನ ಅಕ್ಕೋರ ಗೇಣಿನ ಕಡೆ ನೋಡದೆ ನೇಯ್ದೆ. ಮಗಳು ಔಷಧಿ ತರಲು ಕುಷ್ಟಗಿಗೆ ಹೋಗಿದ್ದಳು. ನಾಲ್ಕು ಬೆರಳು ಏರಿದ ಮೇಲೆ ಅಕ್ಕೋರು ತಮ್ಮನ್ನು ಎಬ್ಬಿಸೆಂದು ಸನ್ನೆ ಮಾಡಿದರು. ಎತ್ತಿ ಆನಿಸಿಕೊಂಡೆ. ಬಟ್ಟೆಗೆ ಕೆನ್ನೆ ಒತ್ತಿದರು, ಆ ಸೊಟ್ಟಗಾದ ಕೆನ್ನೆ. ಬಹಳ ಹೊತ್ತು ಎತ್ತಲಿಲ್ಲ. ಎತ್ತಿದಾಗ ಮುಖ ಹಗುರವಾಗಿತ್ತು. ಆಮೇಲೆ ಬೆರಳು ಬಂತು: ಬಿಚ್ಚು.

ಕೂತು ನನ್ನ ನಾಲ್ಕು ಬೆರಳು ಬಿಚ್ಚಿದೆ. ಅವರ ನೇಯ್ಗೆ ಶುರುವಾಗುವಲ್ಲಿ ಕೈ ನಿಲ್ಲಿಸಿದೆ. ಅವರು ಹೊರಸಿನ ಕಟ್ಟಿಗೆಗೆ ಬೆರಳಿನಿಂದ ಬಡಿದರು. ಬಿಚ್ಚು, ಇನ್ನೂ.

"ಇದು ನಿಮ್ದರಿ ಅಕ್ಕೋರ. ನಂದು ಮುಗೀತು" ಅಂದೆ.

ಅವರು ಹೌದೆಂದು ತಲೆಯಾಡಿಸಿದರು. ನಾನು ಲಾಳಿ ಕೆಳಗಿಟ್ಟು, ಆಗುವುದಿಲ್ಲ ಎಂದೆ. ಆಗ ಅವರು ಎಡಗೈಯನ್ನು ತಾವೇ ಚಾಚಿ, ತಮ್ಮ ಗೇಣಿನ ತುದಿಯ ಎಳೆಗೆ ಉಗುರು ಹಾಕಿ ಎಳೆದರು. ಎಳೆ ಅರ್ಧಕ್ಕೆ ಬಂದು ನಿಂತಿತು. ಅವರ ಕೈಗೆ ಅಷ್ಟೇ ಬಲ. ನನ್ನ ಮುಖ ನೋಡಿದರು. ಸೆರಗಿಗೆ ಒಂದೇ ಕೈ. ಆ ಕೈ ಇನ್ನು ತಮ್ಮದಲ್ಲವೆಂದು ಅವರು ಒಪ್ಪಿಕೊಂಡಿದ್ದರು, ನಾನು ಒಪ್ಪಿರಲಿಲ್ಲ, ಅಷ್ಟೇ ವ್ಯತ್ಯಾಸ. ಉಳಿದ ಅರ್ಧವನ್ನು ನಾನು ಎಳೆದೆ. ಮಧ್ಯಾಹ್ನವೆಲ್ಲ ಅಳುತ್ತ ಅವರ ಗೇಣನ್ನು ಬಿಚ್ಚಿ ಸುತ್ತಿದೆ. ಅವರು ಕಣ್ಣು ಮುಚ್ಚದೆ ನೋಡುತ್ತಿದ್ದರು. ಕೊನೆಯ ಎಳೆ ಬಂದಾಗ ಗೋಡೆಯ ಕಡೆ ಮುಖ ತಿರುಗಿಸಿದರು.

ನಾನು ಮೊದಲಿನಿಂದ ನೇಯಲು ಕೂತೆ. ನೇಯ್ದದ್ದೆಲ್ಲ ಮರಕ್ಕೆ ಸುತ್ತಿಕೊಂಡಿರುತ್ತಿದ್ದರಿಂದ, ಸಂಜೆ ಮರಳಿದ ಮಗಳಿಗೆ ಏನೂ ತಿಳಿಯಲಿಲ್ಲ. ಸೆರಗು ಅರ್ಧಕ್ಕೆ ಬಂದಿತ್ತು, ಅಕ್ಕೋರು ಬೆಳಗಿನ ಜಾವ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೂ ಮಗಳು ಮಾತಿಗೆ ತಪ್ಪದೆ ಅದು ಮುಗಿಯುವವರೆಗೆ ಮನೆಗೆ ಬೀಗ ಹಾಕಲಿಲ್ಲ.

ಆ ಸೀರೆ ಈಗ ಅವಳ ಬಳಿ ಇದೆ. ಗಂಗಾವತಿಗೆ ಹೋದಾಗಲೆಲ್ಲ ತೆಗೆದು ನನ್ನ ತೊಡೆಯ ಮೇಲೆ ಹಾಕುತ್ತಾಳೆ. ಸೆರಗು ಹರವಿ, ಮೇಲೆ ಕೈಯಾಡಿಸುತ್ತಾಳೆ. "ಶುರುವಿಗೆ ಈ ಒಂದು ಗೇಣು ಅವ್ವನ ಕೈದು, ಹೌದಲ್ಲೇನಕ್ಕಾ?" ಎಂದು ಕೇಳುತ್ತಾಳೆ. ಅಲ್ಲಿ ಕೆನ್ನೆ ಇಡುತ್ತಾಳೆ.

ನಾನು ಪ್ರತಿ ಸಲವೂ ಹೌದು ಅನ್ನುತ್ತೇನೆ.